ಲೂಗರ್ ಪಿಸ್ತೂಲು: ಮಾದರಿ ಯಾವುದು, ಕ್ಯಾಲಿಬರ್ ಯಾವುದು? ಒಂದು ಬೆಂಚಿನ ದಾಖಲೆ

ಬೆಂಚಿಗೆ ಬಂದ ಪಿಸ್ತೂಲಿನ ಜೊತೆಗಿದ್ದ ಹಳೆಯ ಕಾಗದದಲ್ಲಿ ‘ಲೂಗರ್, ಜರ್ಮನಿ, 9 ಎಂ.ಎಂ.’ ಎಂದಷ್ಟೇ ಇದೆ. ಮೊಣಕಾಲಿನಂತೆ ಮೇಲಕ್ಕೆ ಮಡಚುವ ಟಾಗಲ್ ಮೇಲೆ ತಯಾರಕ ಕಂಪನಿಯಾದ ಡಿ.ಡಬ್ಲ್ಯು.ಎಂ.ನ ಅಕ್ಷರಗಳನ್ನು ಹೆಣೆದ ಮುದ್ರೆ ಇದೆ. ತೋಟಾ ಕೂರುವ ಚೇಂಬರಿನ ನೆತ್ತಿಯ ಮೇಲೆ ಇಸವಿ ಇಲ್ಲ. ನಾಲ್ಕಂಕಿ ಸಂಖ್ಯೆ, ಅದರ ಕೆಳಗೆ ಒಂದು ಓರೆ ಅಕ್ಷರ. ನಳಿಕೆ ಗಿಡ್ಡ. ‘ಜರ್ಮನಿ’ ಎಂಬ ಇಂಗ್ಲಿಷ್ ಮುದ್ರೆ ಸಣ್ಣ ಅಕ್ಷರದಲ್ಲಿ ಬಿದ್ದಿದೆ. ಇಷ್ಟು ನೋಡಿದರೆ ಸಾಕು, ಕಾಗದದಲ್ಲಿರುವ 9ರ ಮೇಲೆ ಅನುಮಾನ ಬರಲು.

ಲೂಗರ್‌ನಲ್ಲಿ ಕ್ಯಾಲಿಬರ್ ಇರುವುದು ನಳಿಕೆಯಲ್ಲಿ ಮಾತ್ರ. ಹ್ಯೂಗೋ ಬೋರ್ಖಾರ್ಟ್‌ನ 1893ರ ಪಿಸ್ತೂಲನ್ನು ತಿದ್ದಿ ಗೇಯಾರ್ಗ್ ಲೂಗರ್ ರೂಪಿಸಿದ ಈ ಆಯುಧವನ್ನು ಸ್ವಿಟ್ಜರ್ಲೆಂಡ್ 1900ರಲ್ಲಿ ಒಪ್ಪಿಕೊಂಡಿದ್ದು 7.65 ಪ್ಯಾರಾಬೆಲಮ್ ಎಂಬ ತೋಟಾದಲ್ಲಿ. ಜರ್ಮನ್ ನೌಕಾಪಡೆ 1904ರಲ್ಲಿ, ಭೂಸೇನೆ 1908ರಲ್ಲಿ ತೆಗೆದುಕೊಂಡಿದ್ದು 9 ಮಿ.ಮೀ.ನಲ್ಲಿ. ಆ 9 ಮಿ.ಮೀ. ತೋಟಾ ಹುಟ್ಟಿದ್ದೇ 7.65ರ ಕತ್ತನ್ನು ಅಗಲಿಸಿ. ಹಾಗಾಗಿ ತೋಟಾದ ಬುಡ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, 9.93 ಮಿ.ಮೀ. ಚೇಂಬರಿನ ಹಿಂಬಾಯಿ ಮುಚ್ಚುವ ಬ್ರೀಚ್‌ಬ್ಲಾಕ್ ಒಂದೇ, ತೋಟಾ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಒಂದೇ, 8 ತೋಟಾದ ಮ್ಯಾಗಜೀನ್ ಕೂಡ ಒಂದೇ. ನಳಿಕೆ ತಿರುಗಿಸಿ ಬಿಚ್ಚಿ ಇನ್ನೊಂದು ಹಾಕಿದರೆ ಕ್ಯಾಲಿಬರ್ ಬದಲಾಯಿತು, ಫ್ರೇಮಿನ ಮೇಲಿನ ಅಕ್ಷರಗಳೆಲ್ಲ ಹಾಗೇ ಉಳಿದವು. ನೂರು ವರ್ಷದಲ್ಲಿ ಎಷ್ಟೋ ಲೂಗರ್‌ಗಳಿಗೆ ಹೀಗೆ ಆಗಿದೆ.

ಬೇಕಾದ ಸಾಮಾನು

0.01 ಮಿ.ಮೀ. ಓದುವ ಮೈಕ್ರೋಮೀಟರ್, ಡಿಜಿಟಲ್ ವರ್ನಿಯರ್, 7.50ರಿಂದ 9.00ರವರೆಗಿನ ಪಿನ್ ಗೇಜ್ (ನಿಖರ ದಪ್ಪದ ಉಕ್ಕಿನ ಕಡ್ಡಿಗಳು), 6 ಮಿ.ಮೀ. ದಪ್ಪದ ಮರದ ಕಡ್ಡಿ ಮತ್ತು ಅಷ್ಟೇ ದಪ್ಪದ ಹಿತ್ತಾಳೆ ಕಡ್ಡಿ, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಮೆತ್ತನೆ ಸೀಸದ ಗುಂಡು, ಚೇಂಬರ್ ಅಚ್ಚು ತೆಗೆಯಲು ಸೆರೋಸೇಫ್ ಎಂಬ ಬೇಗ ಕರಗುವ ಮಿಶ್ರಲೋಹ, ತೆಳು ಎಣ್ಣೆ, ಹತ್ತಿ ಬಟ್ಟೆ ಚೂರು. ಸ್ಕ್ರೂಡ್ರೈವರ್ ಬೇಕಾಗುವುದು ಹಿಡಿಯ ಮರದ ಪಟ್ಟಿಯ ಎರಡು ತಿರುಪಿಗೆ ಮಾತ್ರ. ಅದರ ಬಾಯಿ ತಿರುಪಿನ ತಲೆಯ ಸೀಳಿಗೆ ಸರಿಯಾಗಿ ಕೂರುವಂತೆ ಉಜ್ಜಿಕೊಂಡಿರಬೇಕು. ಸೀಳು ಕಿತ್ತುಹೋದ ತಿರುಪು ಇದ್ದರೆ ಸಂಗ್ರಾಹಕರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಖಾಲಿ ಮಾಡುವುದು

ಟ್ರಿಗರ್ ಹಿಂದೆ ಎಡಗಡೆ ಇರುವ ಗುಂಡಿ ಒತ್ತಿ ಮ್ಯಾಗಜೀನ್ ಹೊರಗೆ. ಟಾಗಲ್‌ನ ಎರಡು ಗುಬುಟು ಹಿಡಿದು ಹಿಂದಕ್ಕೆ, ಮೇಲಕ್ಕೆ ಎಳೆದು ಚೇಂಬರಿಗೆ ಟಾರ್ಚ್ ಬಿಟ್ಟು ನೋಡಬೇಕು, ಆಮೇಲೆ ಕಿರುಬೆರಳು ಹಾಕಿ ಮುಟ್ಟಬೇಕು. ಚೇಂಬರಿನಲ್ಲಿ ತೋಟಾ ಇದ್ದರೆ ಎಕ್ಸ್‌ಟ್ರಾಕ್ಟರ್ ಎದ್ದು ನಿಂತು ಅದರ ಎಡಬದಿಯಲ್ಲಿ ‘ಗೆಲಾಡನ್’ ಎಂಬ ಬರಹ ಕಾಣುತ್ತದೆ, ‘ತುಂಬಿದೆ’ ಎಂದರ್ಥ. ಆದರೆ ಎಕ್ಸ್‌ಟ್ರಾಕ್ಟರ್ ಕೆಳಗಿದೆ ಎಂದ ಮಾತ್ರಕ್ಕೆ ಖಾಲಿ ಎಂದು ನಂಬುವಂತಿಲ್ಲ. ಅದರ ಸ್ಪ್ರಿಂಗ್ ಮುರಿದಿರಬಹುದು, ಜಿಡ್ಡು ಕಟ್ಟಿರಬಹುದು.

ಲೂಗರ್‌ನದೇ ಆದ ಒಂದು ಅಪಾಯ ಇಲ್ಲಿದೆ. ಕೇಪಿಗೆ ಬಡಿಯುವ ಸ್ಟ್ರೈಕರನ್ನು ಹಿಂದೆ ಹಿಡಿದಿಡುವ ಸಿಯರ್ ಬಾರ್ ಇರುವುದು ಹಿಡಿಯಿರುವ ಫ್ರೇಮಿನಲ್ಲಲ್ಲ, ನಳಿಕೆ ಸೇರುವ ಮೇಲ್ಭಾಗವಾದ ರಿಸೀವರಿನ ಎಡಪಕ್ಕದಲ್ಲಿ. ಹಾಗಾಗಿ ಫ್ರೇಮಿನಿಂದ ಬಿಚ್ಚಿ ಕೈಯಲ್ಲಿ ಹಿಡಿದ ಮೇಲ್ಭಾಗವೊಂದೇ, ಚೇಂಬರಿನಲ್ಲಿ ತೋಟಾ ಉಳಿದಿದ್ದು ಸ್ಟ್ರೈಕರ್ ಹಿಂದೆ ನಿಂತಿದ್ದರೆ, ಆ ಬಾರ್ ಮೇಲೆ ಹೆಬ್ಬೆರಳು ಬಿದ್ದ ಕೂಡಲೆ ಹಾರುತ್ತದೆ. ಬಿಚ್ಚುವ ಮೊದಲು ಎರಡು ಸಲ ನೋಡಿ ಎನ್ನುವುದು ಇಲ್ಲಿ ಬರೀ ಉಪಚಾರದ ಮಾತಲ್ಲ.

ನಳಿಕೆಯ ಉದ್ದ

ಲೂಗರ್ ನಳಿಕೆಯನ್ನು ಅಳೆಯುವುದು ಬಾಯಿಯಿಂದ ಬ್ರೀಚ್‌ಬ್ಲಾಕಿನ ಮುಖದವರೆಗೆ. ಹೊರಗೆ ಕಾಣುವ ಭಾಗವಷ್ಟನ್ನೇ ಟೇಪಿನಲ್ಲಿ ಅಳೆದರೆ ಚೇಂಬರ್ ಬಿಟ್ಟುಹೋಗುತ್ತದೆ. ಟಾಗಲ್ ಒಮ್ಮೆ ಎಳೆದು ಬಿಟ್ಟು ಮುಚ್ಚಿಕೊಳ್ಳಿ. ಹಾಗೆ ಮಾಡಿದಾಗ ಸ್ಟ್ರೈಕರ್ ಹಿಂದೆ ನಿಂತು ಅದರ ಮೊನೆ ಮುಂದೆ ಚಾಚಿಕೊಂಡಿರುವುದಿಲ್ಲ. ಬಾಯಿಯಿಂದ ಮರದ ಕಡ್ಡಿ ಇಳಿಬಿಟ್ಟು, ತಳ ಮುಟ್ಟಿದ ಮೇಲೆ ಬಾಯಿಯ ಅಂಚಿಗೆ ಸರಿಯಾಗಿ ಚೂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಹೊರಗೆ ತೆಗೆದು ಅಳೆಯಬೇಕು.

ಈ ಪಿಸ್ತೂಲಿನಲ್ಲಿ ಬಂದಿದ್ದು 98 ಮಿ.ಮೀ. 1900 ಮತ್ತು 1906ರ 7.65 ಮಾದರಿಗಳಿಗೆ 120 ಮಿ.ಮೀ. ನಳಿಕೆ, ಹಿಡಿಯ ಹಿಂಬದಿಯಲ್ಲಿ ಒತ್ತುವ ಗ್ರಿಪ್ ಸೇಫ್ಟಿ. ನೌಕಾಪಡೆಯದಕ್ಕೆ 150, ಜೊತೆಗೆ ಟಾಗಲ್‌ನ ಹಿಂತುದಿಯಲ್ಲಿ 100 ಮತ್ತು 200 ಮೀಟರಿಗೆ ಸರಿಸುವ ಗುರಿಗಣ್ಣು. ಫಿರಂಗಿದಳದ ಉದ್ದ ಮಾದರಿಗೆ 200, ನಳಿಕೆಯ ಮೇಲೆ 800 ಮೀಟರ್‌ವರೆಗೆ ಎತ್ತುವ ಗುರಿಗಣ್ಣು. ಭೂಸೇನೆ 1908ರಲ್ಲಿ ಒಪ್ಪಿದ ಪಿ.08ಕ್ಕೆ 100. ಉಳಿದಂತೆ, 1920ರ ದಶಕದ ಮಾರಾಟದ ಪಿಸ್ತೂಲುಗಳಲ್ಲಿ 98ರ ಆಸುಪಾಸಿನ ನಳಿಕೆ ಮತ್ತು 7.65 ಕ್ಯಾಲಿಬರ್ ಒಟ್ಟಿಗೆ ಬರುತ್ತವೆ. ಕಾರಣ ಮೊದಲ ಮಹಾಯುದ್ಧ. ವರ್ಸೇಲ್ಸ್ ಒಪ್ಪಂದದ ನಂತರದ ಕಟ್ಟುಪಾಡಿನಲ್ಲಿ ಸೇನೆಯ ಕ್ಯಾಲಿಬರ್ ಆದ 9 ಮಿ.ಮೀ.ಗೂ 100 ಮಿ.ಮೀ. ದಾಟಿದ ನಳಿಕೆಗೂ ಖಾಸಗಿ ಮಾರಾಟದಲ್ಲಿ ಜಾಗ ಇರಲಿಲ್ಲ.

ಆದರೂ 98ಕ್ಕೂ 100ಕ್ಕೂ ಇರುವ ಅಂತರ 2 ಮಿ.ಮೀ. ಬಾಯಿ ಸವೆದಿರಬಹುದು, ಯಾರೋ ಲೇತ್‌ಗೆ ಹಾಕಿ ಮುಖ ಹೊಡೆದಿರಬಹುದು. ಉದ್ದ ಒಂದು ಸುಳಿವು, ಪುರಾವೆ ಅಲ್ಲ.

ಮುದ್ರೆಗಳನ್ನು ಓದುವುದು

ಮುದ್ರೆ ಓದುವ ಮೊದಲು ಜಿಡ್ಡು ತೆಗೆಯಬೇಕು. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ, ಮೆತ್ತನೆ ಬ್ರಷ್ ಸಾಕು. ಸ್ಟೀಲ್ ಉಲ್ಲನ್, ಮರಳು ಕಾಗದ ಹತ್ತಿರಕ್ಕೂ ತರಬಾರದು. ಟ್ರಿಗರ್, ಸೇಫ್ಟಿ ಲಿವರ್, ಇಜೆಕ್ಟರ್, ಮ್ಯಾಗಜೀನ್ ಗುಂಡಿ ಇವುಗಳಿಗೆ ಒಣಹುಲ್ಲಿನ ಬಣ್ಣ ಬರುವಂತೆ ಕಾಯಿಸಿದ ಹೊಳಪು ಇರುತ್ತದೆ. ಅದು ಕೂದಲೆಳೆಗಿಂತ ತೆಳುವಾದ ಪದರ, ಒಮ್ಮೆ ಉಜ್ಜಿದರೆ ಹೋಯಿತು.

ಟಾಗಲ್ ಮುದ್ರೆ ತಯಾರಕನದು. ಡಿ.ಡಬ್ಲ್ಯು.ಎಂ. ಬರ್ಲಿನ್ನಿನದು. ಕಿರೀಟದ ಕೆಳಗೆ ‘ಎರ್‌ಫುರ್ಟ್’ ಇದ್ದರೆ ಸರ್ಕಾರಿ ಕಾರ್ಖಾನೆಯದು, ಸೈನ್ಯಕ್ಕೆ ಮಾಡಿದ್ದು. 1930ರಲ್ಲಿ ಯಂತ್ರಗಳೆಲ್ಲ ಓಬರ್ನ್‌ಡಾರ್ಫಿನ ಮೌಸರ್‌ಗೆ ಹೋದವು. ಆಮೇಲಿನ ಸೈನ್ಯದ ಪಿಸ್ತೂಲುಗಳಲ್ಲಿ ಹೆಸರಿನ ಬದಲು ಗುಪ್ತ ಗುರುತು: ‘ಎಸ್/42’, ಬಳಿಕ ಬರೀ ‘42’, 1941ರಿಂದ ‘ಬಿ.ವೈ.ಎಫ್’. ಚೇಂಬರಿನ ಮೇಲೆ ‘ಕೆ’ ಇದ್ದರೆ 1934, ‘ಜಿ’ ಇದ್ದರೆ 1935.

ನಮ್ಮ ಪಿಸ್ತೂಲಿನ ಚೇಂಬರ್ ನೆತ್ತಿ ಖಾಲಿ. ಖಾಲಿ ಎನ್ನುವುದರಲ್ಲೂ ಎರಡು ಬಗೆ: ಹುಟ್ಟಿನಿಂದ ಖಾಲಿ, ಉಜ್ಜಿ ಖಾಲಿ. ಬೆಳಕನ್ನು ಓರೆಯಾಗಿ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದಾಗ ಇಲ್ಲಿ ನೆತ್ತಿಯ ದುಂಡು ಒಂದೆಡೆ ಚಪ್ಪಟೆಯಾಗಿದೆ, ಹೊಳಪಿನ ಗೀರುಗಳು ಅಡ್ಡಡ್ಡ ಓಡಿವೆ, ಮಿಕ್ಕ ರಿಸೀವರಿನ ಗೀರುಗಳು ಉದ್ದಕ್ಕೆ. ನೀಲಿ ಬಣ್ಣ ಮಾತ್ರ ಎರಡೂ ಕಡೆ ಒಂದೇ ಹದ. ಅಂದರೆ ಯುದ್ಧಕಾಲದ ಇಸವಿ ಇದ್ದ ರಿಸೀವರನ್ನು ಉಜ್ಜಿ, ಆಮೇಲೆ ಇಡೀ ಪಿಸ್ತೂಲಿಗೆ ಹೊಸದಾಗಿ ಬಣ್ಣ ಕಟ್ಟಿದ್ದಾರೆ. ಯುದ್ಧ ಮುಗಿದ ಮೇಲೆ ಉಳಿದ ಸೈನ್ಯದ ಭಾಗಗಳನ್ನು ಹೀಗೆ ಬಳಸಿ ಮಾರಾಟದ ಪಿಸ್ತೂಲು ಕಟ್ಟುವುದು 1920ರ ದಶಕದಲ್ಲಿ ಸಾಮಾನ್ಯವಾಗಿತ್ತು. ಹಿಡಿಯ ಹಿಂಬದಿಯ ಬುಡದಲ್ಲಿ ಭುಜಕ್ಕೆ ಆನಿಸುವ ಮರದ ಹಿಂಬು ಸಿಕ್ಕಿಸುವ ಕಚ್ಚು ಇರುವುದೂ ಇದಕ್ಕೆ ಹೊಂದುತ್ತದೆ. ಸೈನ್ಯದ ಫ್ರೇಮುಗಳಿಗೆ ಅದು ಬಂದದ್ದು 1913ರ ಹೊತ್ತಿಗೆ.

ಇಲ್ಲಿ ಗೊಂದಲ ಮಾಡುವ ಇನ್ನೊಂದು ಸಂಗತಿ ‘1920’ ಎಂಬ ಮುದ್ರೆ. 1917, 1918 ಇಂಥ ಇಸವಿಯ ಜೊತೆಗೇ 1920 ಕೂಡ ಇದ್ದರೆ ಅದು ತಯಾರಾದ ವರ್ಷವಲ್ಲ. ಆ ಆಯುಧ ಸರ್ಕಾರದ್ದು ಎಂದು ಯುದ್ಧಾನಂತರದ ಸೇನೆ ಹೊಡೆದ ಸ್ವತ್ತಿನ ಗುರುತು. ಅಂಥವು ಬಹುಪಾಲು 9 ಮಿ.ಮೀ.

ಪರೀಕ್ಷೆಯ ಮುದ್ರೆ ರಿಸೀವರಿನ ಮೇಲೂ ನಳಿಕೆಯ ಮೇಲೂ ‘ಕಿರೀಟದ ಕೆಳಗೆ ಎನ್’, ಹೊಗೆರಹಿತ ಮದ್ದಿನಲ್ಲಿ ಸಿಡಿಸಿ ಪರೀಕ್ಷಿಸಿದ ಖಾಸಗಿ ಆಯುಧದ್ದು. ಸೈನ್ಯದ್ದಾದರೆ ಕಿರೀಟದ ಕೆಳಗೆ ಓರೆ ಜರ್ಮನ್ ಅಕ್ಷರಗಳು ಬಲಬದಿಯಲ್ಲಿ ಸಾಲಾಗಿ, ಜೊತೆಗೆ ಹದ್ದು ಇರುತ್ತಿತ್ತು. ಹದ್ದಿನ ಕೆಳಗೆ ‘ಎನ್’ ಇದ್ದರೆ 1940ರ ನಂತರದ ಪರೀಕ್ಷೆ. ಇಂಗ್ಲಿಷಿನ ‘ಜರ್ಮನಿ’ ಮುದ್ರೆ ಅಮೆರಿಕಕ್ಕೆ ಹೋಗಲು ಹೊಡೆದದ್ದು, ಅಲ್ಲಿನ ಸುಂಕದ ಕಾನೂನು ಕೇಳುತ್ತಿತ್ತು.

ಚೌಕದೊಳಗೆ ‘ಎಸ್ಎ’ ಇದೆಯೇ ಎಂದೂ ನೋಡಲಾಯಿತು, ಇಲ್ಲ. ಇದ್ದಿದ್ದರೆ ಫಿನ್ಲೆಂಡ್ ಸೇನೆಯ ಎಂ/23. ಅದೂ ಡಿ.ಡಬ್ಲ್ಯು.ಎಂ., ಅದೂ 7.65, ನೋಡಲು ಇದರ ಅವಳಿ.

ನಳಿಕೆ ಈ ಪಿಸ್ತೂಲಿನದೇ?

ಬಾಯಿಯನ್ನು ಮರದ ತುಂಡಿಗೆ ಒತ್ತಿ ನಳಿಕೆಯನ್ನು ಸುಮಾರು 1 ಸೆಂ.ಮೀ. ಹಿಂದಕ್ಕೆ ತಳ್ಳಿ, ಟ್ರಿಗರ್ ಮುಂದಿನ ಲಾಕಿಂಗ್ ಲಿವರನ್ನು ಕೆಳಕ್ಕೆ ತಿರುಗಿಸಿದರೆ ಪಕ್ಕದ ತಗಡು ಎದ್ದು ಬರುತ್ತದೆ. ಮೇಲ್ಭಾಗವನ್ನು ಮುಂದಕ್ಕೆ ಜಾರಿಸಿ ತೆಗೆಯಬಹುದು. ಬಲ ಬೇಕಾಗಿಲ್ಲ. ಬಲ ಹಾಕುವಂತಾದರೆ ಲಿವರ್ ಪೂರ್ತಿ ತಿರುಗಿಲ್ಲ ಎಂದರ್ಥ.

ನಳಿಕೆಯ ಹೊಟ್ಟೆಭಾಗದಲ್ಲಿ, ರಿಸೀವರಿಗೆ ಸೇರುವ ಕಡೆ, ಪೂರ್ತಿ ಸಂಖ್ಯೆ ಇದೆ, ಫ್ರೇಮಿನ ಮುಂಭಾಗದ ಸಂಖ್ಯೆಗೆ ತಾಳೆಯಾಗುತ್ತದೆ. ಅಂಕಿಗಳ ಆಕಾರವೂ ಒಂದೇ: 4ರ ಅಡ್ಡಗೆರೆಯ ತುದಿ ಎರಡೂ ಕಡೆ ಒಂದೇ ರೀತಿ ತುಂಡಾಗಿದೆ, ಒಂದೇ ಅಚ್ಚಿನಿಂದ ಹೊಡೆದದ್ದು. ಅದಕ್ಕಿಂತ ನಂಬಲರ್ಹವಾದ್ದು ಕೂಡುಗೆರೆ. ನಳಿಕೆ ತಿರುಗಿಸಿ ಬಿಗಿ ಮಾಡಿದ ಮೇಲೆ ನಳಿಕೆಯ ಪಟ್ಟಿಗೂ ರಿಸೀವರಿಗೂ ಅಡ್ಡಲಾಗಿ ಉಳಿಯಿಂದ ಒಂದೇ ಏಟಿನಲ್ಲಿ ಹೊಡೆದ ಗೆರೆ ಅದು. ಇಲ್ಲಿ ಎರಡು ಅರ್ಧಗಳೂ ಕೂಡಿವೆ, ಅಗಲ ಒಂದೇ, ಆಳ ಒಂದೇ. ನಳಿಕೆ ಬದಲಾಯಿಸಿದವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ರಿಸೀವರಿನಲ್ಲಿ ಹಳೆಯ ಅರ್ಧ ಉಳಿದು ಪಕ್ಕದಲ್ಲಿ ಹೊಸದೊಂದು ಬೀಳುತ್ತದೆ, ಇಲ್ಲವೇ ನಳಿಕೆಯ ಕಡೆ ಗೆರೆಯೇ ಇರುವುದಿಲ್ಲ. ಸಂಖ್ಯೆಯನ್ನು ಯಾರು ಬೇಕಾದರೂ ಹೊಡೆಯಬಹುದು. ಕೂಡುಗೆರೆಯನ್ನು ಕೂಡಿಸುವುದು ಕಷ್ಟ.

ಇದೇ ಜಾಗದಲ್ಲಿ ಸೈನ್ಯದ 9 ಮಿ.ಮೀ. ನಳಿಕೆಗಳ ಮೇಲೆ ‘8,82’ ಅಥವಾ ‘8,83’ ಎಂಬ ಸಣ್ಣ ಅಂಕಿ ಕಾಣುತ್ತದೆ. ಅದನ್ನೇ ಕ್ಯಾಲಿಬರ್ ಎಂದುಕೊಂಡು ‘8.8 ಮಿ.ಮೀ. ಲೂಗರ್’ ಎಂಬ ಇಲ್ಲದ ಮಾದರಿ ಹುಟ್ಟಿಸಿದವರಿದ್ದಾರೆ. ಅದು ಏಣಿನಿಂದ ಏಣಿಗೆ ಅಳೆದ ಬೋರ್, ಅಂದರೆ ನಳಿಕೆಯ ಒಳತೂತು. ನಳಿಕೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ರೈಫ್ಲಿಂಗ್‌ನಲ್ಲಿ ಉಬ್ಬಿರುವುದು ಏಣು, ತಗ್ಗಿರುವುದು ತೋಡು. ಗುಂಡಿನ ದಪ್ಪ ಹೊಂದಬೇಕಾದ್ದು ತೋಡಿನ ಅಳತೆಗೆ. ನಮ್ಮ ನಳಿಕೆಯ ಮೇಲೆ ಅಂಥ ಅಂಕಿ ಇಲ್ಲ.

ಬೋರ್ ಅಳತೆ

ವರ್ನಿಯರಿನ ಒಳಹಲ್ಲುಗಳನ್ನು ಬಾಯಿಗೆ ಇಟ್ಟಾಗ ಓದಿದ್ದು 7.48. ಇದನ್ನು ಬರೆದುಕೊಳ್ಳಬಾರದು. ಒಳಹಲ್ಲುಗಳ ತುದಿ ಚಪ್ಪಟೆಯಾಗಿರುವುದರಿಂದ ಸಣ್ಣ ತೂತಿನಲ್ಲಿ ಅವು ನಡುವಿನ ವ್ಯಾಸವನ್ನು ಮುಟ್ಟದೆ ಅಂಚಿಗೆ ತಾಗುತ್ತವೆ, ಓದು ಯಾವಾಗಲೂ ಕಡಿಮೆಯೇ. 9ನ್ನೂ 7.65ನ್ನೂ ಬೇರ್ಪಡಿಸಲು ಸಾಕು, ದಾಖಲೆಗೆ ಸಾಲದು.

ಪಿನ್ ಗೇಜ್ ಹಾಕಿದಾಗ 7.60 ಸಲೀಸಾಗಿ ಇಳಿಯಿತು, 7.65 ತೂಕಕ್ಕೇ ಮೆಲ್ಲಗೆ ಇಳಿಯಿತು, 7.70 ಬಾಯಲ್ಲೇ ನಿಂತಿತು. ನಿಂತ ಪಿನ್ನನ್ನು ತಟ್ಟಬಾರದು. ಗಟ್ಟಿ ಉಕ್ಕು ಬಾಯಿಯ ಅಂಚನ್ನು ಕೆಡಿಸುತ್ತದೆ. 7.65 ಪ್ಯಾರಾಬೆಲಮ್‌ಗೆ ನಿಗದಿಯಾದ ಏಣಿನ ಅಳತೆ 7.62, 9 ಮಿ.ಮೀ.ಗೆ 8.82. ಸವೆತ ಲೆಕ್ಕ ಹಿಡಿದರೆ ಸರಿ ಇದೆ.

ತೋಡಿನ ಅಳತೆಗೆ ಸೀಸ. ಎಣ್ಣೆ ಹಚ್ಚಿದ ಬೋರಿಗೆ ಸ್ವಲ್ಪ ದಪ್ಪನೆಯ ಮೆತ್ತನೆ ಸೀಸದ ಗುಂಡನ್ನು ಬಾಯಿ ಕಡೆಯಿಂದ ಹಿತ್ತಾಳೆ ಕಡ್ಡಿಯಲ್ಲಿ ಸಣ್ಣ ಸಣ್ಣ ಏಟಿನಿಂದ ನೂಕಬೇಕು. ಟಾಗಲ್ ಜೋಡಣೆಯನ್ನು ಮೊದಲೇ ತೆಗೆದಿಟ್ಟಿರಬೇಕು, ಇಲ್ಲವಾದರೆ ಸೀಸ ಹೋಗಿ ಬ್ರೀಚ್‌ಬ್ಲಾಕಿಗೆ ಕೂರುತ್ತದೆ. ಗುಂಡು ಒಂದೇ ಬಿಗಿಯಲ್ಲಿ ಸಾಗಿದರೆ ಬೋರ್ ಚೆನ್ನಾಗಿದೆ. ನಡುವೆ ಒಮ್ಮೆಲೇ ಸಡಿಲವಾದರೆ ಅಲ್ಲಿ ನಳಿಕೆ ಉಬ್ಬಿದೆ. ಹೊರಬಂದ ಸೀಸದ ಮೇಲೆ ನಾಲ್ಕು ತೋಡಿನ ಅಚ್ಚು. 7.65ರ ನಳಿಕೆಗಳಲ್ಲಿ ಸಾಮಾನ್ಯವಾಗಿ ನಾಲ್ಕೇ, 9 ಮಿ.ಮೀ.ನವುಗಳಲ್ಲಿ ಆರು. ಎರಡೂ ಸಮಸಂಖ್ಯೆ, ಎದುರುಬದುರು ಬೀಳುವುದರಿಂದ ಮೈಕ್ರೋಮೀಟರಿನಲ್ಲಿ ನೇರ ಓದಬಹುದು: 7.86.

ಇಲ್ಲಿಗೆ ಮುಗಿಯಿತು ಎನ್ನುವವರು ಬಹಳ. ಮುಗಿದಿಲ್ಲ. 7.85ರ ಆಸುಪಾಸಿನ ಗುಂಡು ಹಾಕುವ ಹಳೆಯ ಜರ್ಮನ್ ಪಿಸ್ತೂಲುಗಳು ಹಲವು. ಮೌಸರ್ ಸಿ96ರ 7.63 ತೋಟಾದ ಗುಂಡು ಹೆಚ್ಚುಕಡಿಮೆ ಅಷ್ಟೇ. ವಾಲ್ಟರ್ ಪಿಪಿ, ಪಿಪಿಕೆ, ಸಾವರ್ 38ಎಚ್ ಬಳಸುವ 7.65 ಬ್ರೌನಿಂಗ್, ಅಂದರೆ .32, ಅದರದೂ ಹತ್ತಿರವೇ. ಬೋರ್ ಎಲ್ಲವನ್ನೂ ಒಂದೇ ಮನೆಯವರೆಂದು ತೋರಿಸುತ್ತದೆ, ಬಿಡಿಸಿ ಹೇಳುವುದು ಚೇಂಬರ್.

ಚೇಂಬರ್ ಅಚ್ಚು

ಸೆರೋಸೇಫ್ 71ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟ ಒಣ ಸ್ಟೀಲ್ ಲೋಟ ಸಾಕು. ಅದರಲ್ಲಿ ಬಿಸ್ಮತ್, ತವರದ ಜೊತೆ ಸೀಸ, ಕ್ಯಾಡ್ಮಿಯಂ ಇವೆ. ಅಡುಗೆಮನೆಯ ಪಾತ್ರೆ ಬೇಡ, ನೇರ ಉರಿ ಬೇಡ, ಕಿಟಕಿ ತೆರೆದಿರಲಿ. ಕೆಲವರು ಗಂಧಕ ಕರಗಿಸಿ ಹೊಯ್ಯುತ್ತಾರೆ. ಅಚ್ಚು ಚೆನ್ನಾಗಿಯೇ ಬರುತ್ತದೆ, ಆದರೆ ಬೋರಿನಲ್ಲಿ ಉಳಿದ ಚೂರು ಮಳೆಗಾಲದಲ್ಲಿ ತುಕ್ಕು ಹಿಡಿಸುತ್ತದೆ.

ಚೇಂಬರ್ ಒಣಗಿಸಿ, ಎಣ್ಣೆ ಬಟ್ಟೆಯನ್ನು ಒಮ್ಮೆ ಆಡಿಸಿ, ತೆಳು ಪಸೆಯಷ್ಟೇ ಉಳಿಸಬೇಕು. ಎಣ್ಣೆ ಹೆಚ್ಚಾದರೆ ಅಚ್ಚಿನ ಮೈ ಸುಕ್ಕಾಗುತ್ತದೆ. ಚೇಂಬರಿನ ತುದಿಯಿಂದ 15 ಮಿ.ಮೀ. ಮುಂದೆ ಬೋರಿನಲ್ಲಿ ಬಟ್ಟೆ ಬಿಗಿಯಾಗಿ ತುರುಕಿ, ಬಾಯಿ ಕೆಳಗಾಗಿ ನಿಲ್ಲಿಸಿ, ಸಣ್ಣ ಆಲಿಕೆಯಿಂದ ಒಂದೇ ಧಾರೆಯಲ್ಲಿ ಹೊಯ್ಯಬೇಕು. ನಿಲ್ಲಿಸಿ ನಿಲ್ಲಿಸಿ ಹೊಯ್ದರೆ ಪದರ ಬೀಳುತ್ತದೆ. ಚೇಂಬರಿನ ಬಾಯಿ ಮಟ್ಟಕ್ಕೆ ಬಂದ ಕೂಡಲೆ ನಿಲ್ಲಿಸಿ. ಉಕ್ಕಿ ರಿಸೀವರಿನ ಮೂಲೆಗೆ ಹರಿದರೆ ಅಚ್ಚು ಅಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ಪುನಃ ಕಾಯಿಸಿ ಕರಗಿಸಿಯೇ ತೆಗೆಯಬೇಕು.

ಮೊದಲ ಅರ್ಧ ಗಂಟೆ ಲೋಹ ಕುಗ್ಗುತ್ತದೆ. ಅಚ್ಚನ್ನು ಹಿತ್ತಾಳೆ ಕಡ್ಡಿಯಿಂದ ಬಾಯಿ ಕಡೆಯಿಂದ ತಳ್ಳಿ ತೆಗೆಯುವುದು ಆಗಲೇ. ಆಮೇಲೆ ಹಿಗ್ಗಲು ಶುರುವಾಗಿ, ಒಂದು ಗಂಟೆಯ ಹೊತ್ತಿಗೆ ಚೇಂಬರಿನ ನಿಜ ಅಳತೆಗೆ ಬರುತ್ತದೆ. ಅಳೆಯಬೇಕಾದ್ದು ಆಗ. ಮರುದಿನಕ್ಕೆ ಇಟ್ಟರೆ ಇನ್ನಷ್ಟು ಹಿಗ್ಗಿರುತ್ತದೆ.

ಅಚ್ಚು ಕೈಗೆ ಬಂದ ಕ್ಷಣವೇ ಉತ್ತರ ಕಣ್ಣಿಗೆ ಕಾಣುತ್ತದೆ: ಭುಜ ಇದೆ, ಅಂದರೆ ಮೈ ಕತ್ತಿಗೆ ಒಮ್ಮೆಲೇ ಕಿರಿದಾಗುವ ಜಾಗ. ಬುಡದಲ್ಲಿ 9.97, ಭುಜದ ಕೆಳಗೆ 9.68, ಭುಜ ದಾಟಿ ಕತ್ತಿನಲ್ಲಿ 8.50, ಬುಡದಿಂದ ಕತ್ತಿನ ಕೊನೆಗೆ 21.7. ತೋಟಾದ ನಿಗದಿ ಅಳತೆ ಅನುಕ್ರಮವಾಗಿ 9.93, 9.63, 8.43, 21.59. ಪ್ರತಿ ಕಡೆ ಚೇಂಬರ್ ಕೂದಲೆಳೆಯಷ್ಟು ದೊಡ್ಡದು, ಇರಬೇಕಾದ್ದೇ ಹಾಗೆ. 9 ಮಿ.ಮೀ. ಆಗಿದ್ದರೆ ಭುಜವೇ ಇರುತ್ತಿರಲಿಲ್ಲ, 9.9ರಿಂದ 9.7ರ ಕಡೆಗೆ ಸಣ್ಣಗೆ ಇಳಿಜಾರು, ಉದ್ದ 19ರ ಆಸುಪಾಸು. 7.63 ಮೌಸರ್ ಆಗಿದ್ದರೆ ಉದ್ದ 25 ದಾಟುತ್ತಿತ್ತು. 7.65 ಬ್ರೌನಿಂಗ್ ಆಗಿದ್ದರೆ 17ಕ್ಕೇ ಮುಗಿಯುತ್ತಿತ್ತು.

ತೋಟಾ ಹಾಕಿ ನೋಡಿ ಕ್ಯಾಲಿಬರ್ ಹೇಳುವ ಅಭ್ಯಾಸ ಏಕೆ ಕೆಟ್ಟದ್ದು ಎನ್ನುವುದೂ ಈ ಅಳತೆಗಳಲ್ಲೇ ಇದೆ. 7.65 ಪ್ಯಾರಾಬೆಲಮ್ ತೋಟಾ 9 ಮಿ.ಮೀ. ಚೇಂಬರಿಗೂ ಇಳಿಯುತ್ತದೆ, ಬುಡ ಒಂದೇ ಆದ್ದರಿಂದ ಎಕ್ಸ್‌ಟ್ರಾಕ್ಟರ್ ಹಿಡಿಯುತ್ತದೆ, ಟಾಗಲ್ ಮುಚ್ಚುತ್ತದೆ. ‘ಸರಿಯಾಗಿ ಕೂತಿತು’ ಎನಿಸುತ್ತದೆ. ಸಿಡಿಸಿದರೆ ಕತ್ತು ಉಬ್ಬಿ, ಗುಂಡು ಏಣಿಗೆ ಕಚ್ಚದೆ ಅಡ್ಡಾದಿಡ್ಡಿ ಹೋಗುತ್ತದೆ. ಪ್ರಯೋಗ ಮಾಡಲೇಬೇಕೆಂದರೆ ಮದ್ದಿಲ್ಲದ, ಕೇಪಿಲ್ಲದ ಡಮ್ಮಿ ಮಾತ್ರ.

ದಾಖಲೆಗೆ ಬರೆದದ್ದು

‘ಲೂಗರ್ ಪಿಸ್ತೂಲು, ತಯಾರಕ ಡಿ.ಡಬ್ಲ್ಯು.ಎಂ., 1920ರ ದಶಕದ ಖಾಸಗಿ ಮಾರಾಟದ ಮಾದರಿ, ಯುದ್ಧಕಾಲದ ರಿಸೀವರ್ ಮರುಬಳಕೆ, ಚೇಂಬರ್ ಇಸವಿ ಉಜ್ಜಿದೆ. ಕ್ಯಾಲಿಬರ್ 7.65×21 ಪ್ಯಾರಾಬೆಲಮ್. ನಳಿಕೆ 98 ಮಿ.ಮೀ., ನಾಲ್ಕು ತೋಡು, ಮೂಲದ್ದು, ಕೂಡುಗೆರೆ ಸರಿ.’

ಭಾರತದಲ್ಲಿ ಲೈಸೆನ್ಸ್ ಮೇಲಿರುವ ಆಯುಧವಾದರೆ ಆ ‘×21 ಪ್ಯಾರಾಬೆಲಮ್’ ಬಿಡಲೇಬಾರದು. ಇಲ್ಲಿ ‘7.65’ ಎಂದರೆ ಅಂಗಡಿಯವರಿಗೂ ಕಚೇರಿಯವರಿಗೂ .32 ಎಂದೇ ಅರ್ಥ, ಆ ತೋಟಾ ಈ ಚೇಂಬರಿನಲ್ಲಿ ಲೊಡಲೊಡ ಆಡುತ್ತದೆ. ಇನ್ನು ಕಾಗದದಲ್ಲಿ ತಪ್ಪಾಗಿ ಬಿದ್ದ ‘9 ಎಂ.ಎಂ.’ ನಮ್ಮಲ್ಲಿ ನಿಷೇಧಿತ ಬೋರ್. ತಿದ್ದುಪಡಿಗೆ ಲೈಸೆನ್ಸ್ ಕೊಟ್ಟ ಪ್ರಾಧಿಕಾರಕ್ಕೆ ಅಳತೆಗಳ ಪಟ್ಟಿ ಮತ್ತು ಅಚ್ಚಿನ ಚಿತ್ರದೊಂದಿಗೆ ಬರೆಯುವುದೇ ದಾರಿ. ಕಾಗದಕ್ಕೆ ಹೊಂದಲಿ ಎಂದು ನಳಿಕೆ ಬದಲಾಯಿಸುವ ಸಲಹೆಗೆ ಕಿವಿ ಕೊಡಬೇಡಿ. ಕಾನೂನಿನ ಕಣ್ಣಲ್ಲಿ ಬಿಡಿ ನಳಿಕೆಯೂ ಆಯುಧವೇ, ಸಂಗ್ರಹದ ಬೆಲೆಯೂ ಅಲ್ಲಿಗೆ ಮುಗಿಯಿತು.

ಮರಳಿ ಜೋಡಿಸುವಾಗ

ಟಾಗಲ್‌ನ ಹಿಂತುದಿಯಿಂದ ತೂಗುವ ಸಣ್ಣ ಕೊಂಡಿಯೇ ಇಲ್ಲಿನ ತೊಡಕು. ಮೇಲ್ಭಾಗವನ್ನು ಫ್ರೇಮಿಗೆ ಜಾರಿಸುವಾಗ ಅದು ಹಿಡಿಯೊಳಗಿನ ಮುಖ್ಯ ಸ್ಪ್ರಿಂಗಿನ ಕೊಕ್ಕೆಗಳ ಮುಂದೆ ಬೀಳಬೇಕು. ಹಿಂದೆ ಬಿದ್ದರೂ ಪಿಸ್ತೂಲು ಜೋಡಣೆಯಾದಂತೆಯೇ ಕಾಣುತ್ತದೆ. ಪಕ್ಕದ ತಗಡು ಹಾಕುವ ಮೊದಲು ಟಾಗಲ್ ಎತ್ತಿ ನೋಡಿ. ಸ್ಪ್ರಿಂಗಿನ ಎಳೆತ ಕೈಗೆ ಸಿಕ್ಕಿದರೆ ಕೊಂಡಿ ಕೂತಿದೆ. ಸಡಿಲವಾಗಿ ಎದ್ದರೆ ಮೇಲ್ಭಾಗವನ್ನು ಮತ್ತೆ ಮುಂದಕ್ಕೆ ತೆಗೆದು, ಕೊಂಡಿಯನ್ನು ಸರಿಮಾಡಿ ಪುನಃ ಜಾರಿಸಬೇಕು. ತಗಡಿನ ಹಿಂದಿನ ನಾಲಿಗೆ ಫ್ರೇಮಿನ ಸೀಳಿಗೆ ಮೊದಲು ಸೇರಲಿ, ಆಮೇಲೆ ಲಿವರ್ ಮೇಲಕ್ಕೆ.

ಬೋರಿಗೆ ಒಂದು ಕೈ ತೆಳು ಎಣ್ಣೆ, ಹೊರಮೈಗೆ ಎಣ್ಣೆ ಬಟ್ಟೆ. ಚರ್ಮದ ಹೋಲ್‌ಸ್ಟರಿನಲ್ಲಿ ಇಟ್ಟು ಮುಚ್ಚಬೇಡಿ. ಚರ್ಮ ಹದ ಮಾಡಿದ ಉಪ್ಪು, ಆಮ್ಲ ತೇವ ಎಳೆದು, ನೀಲಿ ಬಣ್ಣದ ಕೆಳಗೆ ತುಕ್ಕು ಎಬ್ಬಿಸುತ್ತದೆ. ಹೋಲ್‌ಸ್ಟರನ್ನು ಬೇರೆ ಚೀಲದಲ್ಲಿ, ಅಚ್ಚನ್ನು ಅಳತೆಯ ಚೀಟಿಯೊಂದಿಗೆ ಡಬ್ಬಿಯಲ್ಲಿ ಇಡಬೇಕು. ಮುಂದೆ ಅಚ್ಚು ತೆಗೆದು ನೋಡುವವರು ಮತ್ತಷ್ಟು ಹಿಗ್ಗಿದ ಅಳತೆ ಕಂಡು ಗಾಬರಿಯಾಗದಿರಲಿ ಎಂದು, ಅಳತೆ ತೆಗೆದ ಗಂಟೆಯನ್ನೂ ಚೀಟಿಯಲ್ಲಿ ಬರೆದಿದೆ.